ಪರೀಕ್ಷೆ ಮುಗಿಯುವ ತನಕ ಹೇಳಬೇಡಿ

ಮೊಸರಿಗೆ ಸಕ್ಕರೆ ಕದಡಿದಾಗ ಏಳುವ ಆ ಹುಳಿಸಿಹಿ ವಾಸನೆ ನಿಮಗೆ ಹಿತವೆನಿಸಬಹುದು. ನನಗೆ ಆಗುವುದಿಲ್ಲ. ಪುಣೆಯಲ್ಲಿ ಮಕ್ಕಳು ಪರೀಕ್ಷೆಗೆ ಹೊರಟಾಗ ಅಂಗೈಗೆ ಒಂದು ಚಮಚ ಮೊಸರು-ಸಕ್ಕರೆ ಹಾಕಿ ಕಳಿಸುವುದು ವಾಡಿಕೆ. ಇವತ್ತು ಬೆಳಿಗ್ಗೆ ಆ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮೇಲಿನ ಮನೆಯ ಸುರೇಖಾ ಹಡಪಸರದಿಂದ ಫೋನು ಮಾಡಿದ್ದಳು. ಅವಳ ಮಗಳು ಶ್ರಾವಣಿಗೆ ಹತ್ತನೆಯ ತರಗತಿಯ ಪರೀಕ್ಷೆ ನಡೆದಿತ್ತು.

“ಕಾಕು, ನಮ್ಮ ಅತ್ತಿ ನಸಿಕಿನ್ಯಾಗ ತೀರಿಕೊಂಡ್ರು. ಶ್ರಾವಣಿಗೆ ಏನೂ ಹೇಳಬ್ಯಾಡ್ರಿ. ಅಜ್ಜಿಗೆ ಶುಗರ್ ಏರೇದ, ನೋಡಾಕ ಹೊಂಟೀವಿ ಅಂತ ಹೇಳಿ ಬಂದೀವಿ. ಮೊಸರು-ಸಕ್ರಿ ಕೊಟ್ಟು ಸೆಂಟರಿಗೆ ಬಿಟ್ಟು ಬರ್ರಿ. ಪೇಪರ್ ಎಲ್ಲಾ ಮುಗೀಲಿ, ಆಮ್ಯಾಲೆ ಹೇಳಿದ್ರಾಯ್ತು.”

ಹ್ಞೂಂ ಅಂದೆ. ಫೋನು ಇಟ್ಟು ಬಟ್ಟಲಿಗೆ ಮೊಸರು ಹಾಕಿದೆ, ಸಕ್ಕರೆ ಕದಡಿದೆ, ವಾಸನೆ ಮೂಗಿಗೆ ಬಡಿಯಿತು. ಸಿಟ್ಟು ಹೇಗೆ ಉಕ್ಕಿತೆಂದರೆ ಚಮಚವನ್ನು ಸಿಂಕಿಗೆ ಎಸೆದುಬಿಟ್ಟೆ.

ನಾನು ಹತ್ತನೆಯ ತರಗತಿಯಲ್ಲಿದ್ದಾಗಲೂ ನಮ್ಮ ಮನೆ ಇದೇ ಕೋಥರೂಡಿನಲ್ಲೇ ಇತ್ತು. ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜ, ದೌಂಡದಲ್ಲಿದ್ದ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು, ನಿವೃತ್ತನಾದ ಮೇಲೂ ಸ್ಟೇಷನ್ನು ಬಿಟ್ಟವನಲ್ಲ. ರಜೆಗೆ ಹೋದಾಗಲೆಲ್ಲ ನನ್ನನ್ನು ಪಾದಚಾರಿ ಸೇತುವೆಯ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಬರುವ ಗಾಡಿ ಗೂಡ್ಸೋ ಪ್ಯಾಸೆಂಜರೋ ಸಪ್ಪಳದ ಮೇಲೆ ಹೇಳು ಅನ್ನುತ್ತಿದ್ದ. ನಾನು ಸದಾ ತಪ್ಪು ಹೇಳುತ್ತಿದ್ದೆ. ಕಿವಿಯ ವಿಷಯದಲ್ಲಿ ನಾನು ಶುದ್ಧ ದಡ್ಡಿ, ಈಗಲೂ ಕುಕ್ಕರಿನ ಸೀಟಿ ಎಷ್ಟಾಯಿತೆಂದು ಪಕ್ಕದ ಮನೆಯವರನ್ನು ಕೇಳುತ್ತೇನೆ. ಅಜ್ಜ ನಗುತ್ತಿದ್ದ. “ಇರ್ಲಿ ಬಿಡು, ಇನ್ನೊಂದು ಗಾಡಿ ಬರ್ತದ” ಅನ್ನುತ್ತಿದ್ದ. ನನ್ನ ಜೀವನದಲ್ಲಿ ಅಷ್ಟು ತಪ್ಪು ಉತ್ತರ ಕೊಟ್ಟೂ ಬೈಸಿಕೊಳ್ಳದ ಪರೀಕ್ಷೆ ಅದೊಂದೇ.

ಆ ಮಾರ್ಚಿನಲ್ಲಿ ನಮ್ಮ ಮನೆಯ ಟೀವಿಗೆ ಹಳೆಯ ಚಾದರ ಹೊದಿಸಿದ್ದರು. ಕುಕ್ಕರಿಗೂ ಒಂದು ಹೊದಿಸುತ್ತಿದ್ದರೇನೋ, ಬೇಳೆ ಬೇಯಬೇಕಲ್ಲ ಎಂದು ಬಿಟ್ಟರು. ನಮ್ಮ ವಸತಿ ಸೊಸೈಟಿಯ ಅಂಗಳದಲ್ಲಿ ಕ್ರಿಕೆಟ್ ಬಂದ್. ಮೊದಲ ಕೆಲವು ಪೇಪರು ಮುಗಿದಿದ್ದವು. ಭೂಮಿತಿಯ, ಅಂದರೆ ರೇಖಾಗಣಿತದ ದಿನ ಬೆಳಿಗ್ಗೆ ಎದ್ದರೆ ಅಮ್ಮ ಇಲ್ಲ. ಅಜ್ಜನಿಗೆ ಜ್ವರ, ನೋಡಲು ದೌಂಡಕ್ಕೆ ಹೋದಳು ಎಂದ ಅಪ್ಪ. ಮೊಸರು-ಸಕ್ಕರೆ ಕೊಡಲು ಎದುರು ಮನೆಯ ಮರಾಠಿ ಕಾಕು ಬಂದಳು. ಕಣ್ಣು ಕೆಂಪಗಿದ್ದವು. “ಕಾಯ್ ಝಾಲಂ ಕಾಕು?” ಏನಾಯಿತೆಂದು ಕೇಳಿದೆ. “ಕಾಂದಾ ಚಿರತ್ ಹೋತೆ ಗ” ಎಂದಳು. ಈರುಳ್ಳಿ ಹೆಚ್ಚುತ್ತಿದ್ದಳಂತೆ. ನಾನು ನಂಬಿದೆ. ಪ್ರಮೇಯಗಳು ತಲೆಯಲ್ಲಿ ತುಂಬಿದ್ದವು, ಮನುಷ್ಯರ ಕಣ್ಣು ಓದುವ ಜಾಗ ಅಲ್ಲಿರಲಿಲ್ಲ.

ಇಡೀ ಕಟ್ಟಡಕ್ಕೆ ಗೊತ್ತಿತ್ತು, ವಾಚ್‌ಮನ್‌ಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಸಂಜೆ ಅಪ್ಪನಿಗೆ ಹೇಳಿದೆ: “ಅಜ್ಜಗ ಫೋನ್ ಮಾಡಿದ್ರ ಹೇಳ್ರಿ, ಭೂಮಿತಿ ಭಾಳ ಛೊಲೋ ಹೋಗೇದ ಅಂತ.” ಅಪ್ಪ ದಿನಪತ್ರಿಕೆಯಿಂದ ತಲೆ ಎತ್ತದೆ “ಹೇಳ್ತೀನಿ” ಅಂದ.

ಕೊನೆಯ ಪೇಪರು ಮುಗಿದ ದಿನ ಅಪ್ಪ ಶಾಲೆಯ ಗೇಟಿನಲ್ಲೇ ನಿಂತಿದ್ದ. ಕಬ್ಬಿನ ಹಾಲು ಕುಡಿಸಿದ. ನಾನು ಇನ್ನೊಂದು ಗ್ಲಾಸು ಬೇಕೆಂದೆ, ಕೊಡಿಸಿದ. ಅದೂ ಖಾಲಿಯಾದ ಮೇಲೆ ಹೇಳಿದ. ನಾನು ದೌಂಡಕ್ಕೆ ಹೋದಾಗ ಅಜ್ಜನ ಮಂಚವನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ದಿನಕರ್ಮವೂ ಮುಗಿದಿತ್ತು. ಅಳು ಮುಗಿಸಿದ ಮನೆಯಲ್ಲಿ ಒಬ್ಬಳೇ ಹೊಸದಾಗಿ ಅಳುವುದು ಎಷ್ಟು ಅಸಹ್ಯವೆಂದು ಅನುಭವಿಸಿದವರಿಗೇ ಗೊತ್ತು. “ಈಗ್ಯಾಕ ಅಳ್ತಿ, ಆಗಿಹೋತಲ್ಲ” ಎಂದಳು ಒಬ್ಬ ಅತ್ತೆ. ಫಲಿತಾಂಶ ಬಂದಾಗ ಭೂಮಿತಿಯಲ್ಲಿ ಕೈತುಂಬ ಅಂಕ. ಎಲ್ಲರೂ ಪೇಢೆ ತಿಂದು, ಅಜ್ಜನ ಆಶೀರ್ವಾದ ಅಂದರು. ಆ ಪ್ರಮೇಯಗಳಲ್ಲಿ ಒಂದಾದರೂ ಇವತ್ತು ನೆನಪಿದೆಯೇ ಕೇಳಿ. ನನ್ನ ಭೂಮಿತಿಯೆಲ್ಲ ಈಗ ಬರ್ಫಿ ಕತ್ತರಿಸುವುದರಲ್ಲಿದೆ, ಅದೂ ಸೊಟ್ಟ.

ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಬಹಳ ವರ್ಷ ಇತ್ತು, ಈಗಿಲ್ಲ. ಅವನೂ ಹೆದರಿದ್ದ. ವರ್ಷವಿಡೀ ಕಲಿತದ್ದನ್ನು ಒಂದೇ ಬೆಳಿಗ್ಗೆ ಮೂರು ತಾಸಿನಲ್ಲಿ ಕಕ್ಕದಿದ್ದರೆ ಕಲಿತೇ ಇಲ್ಲವೆಂದು ಲೆಕ್ಕ ಹಾಕುವ ಏರ್ಪಾಡಿನ ಮೇಲೆ ನನ್ನ ಸಿಟ್ಟು. ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ ಮಾರಾಯರೇ. ನನ್ನ ಹಲ್ಲು ಕೀಳುವ ಡಾಕ್ಟರನ್ನು ಯಾರಾದರೂ ಚೆನ್ನಾಗಿ ಪರೀಕ್ಷಿಸಿರಲಿ ಎಂದೇ ನನ್ನ ಆಸೆ. ಆದರೆ ಸಾವು ಬಂದ ಮನೆಯ ಮಗುವಿಗೂ ‘ಇವತ್ತೇ, ಇಲ್ಲೇ’ ಎನ್ನುವ ಹಟ ಯಾತಕ್ಕೆ? ಪ್ರತಿ ಮಾರ್ಚಿನಲ್ಲೂ ಪತ್ರಿಕೆಯಲ್ಲಿ ಒಂದು ಫೋಟೋ ಬರುತ್ತದೆ, ನೀವೂ ನೋಡಿರುತ್ತೀರಿ. ತಂದೆಯ ಶವ ಮನೆಯಲ್ಲಿ, ಮಗಳು ಪರೀಕ್ಷೆಯಲ್ಲಿ. ಕೆಳಗೆ ಅವಳ ಧೈರ್ಯದ ಹೊಗಳಿಕೆ. ನಮ್ಮ ಸೊಸೈಟಿಯ ಗ್ರೂಪಿನಲ್ಲಿ ಅದಕ್ಕೆ ಚಪ್ಪಾಳೆಯ ಚಿತ್ರಗಳ ಸಾಲು. ನಾಚಿಕೆಯಾಗಬೇಕು ನಮಗೆ. ಅಪ್ಪನ ಹತ್ತಿರ ಕೂತು ಅಳಬೇಕಾದ ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ ಚಪ್ಪಾಳೆ ತಟ್ಟುತ್ತೇವಲ್ಲ!

ಶ್ರಾವಣಿಯ ಅಪ್ಪ ಬಸವರಾಜನಿಗೆ ನಾನೇ ಫೋನು ಮಾಡಿದೆ.

“ಮಣ್ಣು ಎಷ್ಟಕ್ಕ?”

“ಮಧ್ಯಾಹ್ನ ಒಂದಕ್ಕರಿ, ಕಾಕು.”

“ಆಕಿ ಆಗ ಸೈನ್ಸ್ ಪೇಪರ್ ಬರೀತಿರ್ತಾಳ. ಆಕೀನ ಜೋಪಾನ ಮಾಡಿದಾಕಿ ನಿಮ್ಮವ್ವ. ಹೇಳಬಾರದೇನು?”

“ವರ್ಷ ಹಾಳಾಗ್ತದ್ರಿ. ರಾಂಜಣಗಾಂವದ ಕಂಪನ್ಯಾಗ ನನ್ನಂಗ ನೈಟ್ ಶಿಫ್ಟ್ ಮಾಡೂದು ಬ್ಯಾಡ ಅಂತ ಓದಸ್ಲಿಕತ್ತೀನ್ರಿ.”

“ಒಂದು ಪೇಪರ್ ಜುಲೈದಾಗ ಮತ್ತ ಬರೀಬಹುದು, ಬಸವರಾಜ. ಜುಲೈದಾಗ ನಿಮ್ಮವ್ವನ್ನ ಮತ್ತ ನೋಡಬಹುದೇನು?”

ಅವನ ದನಿ ದೊಡ್ಡದಾಗಿತ್ತು, ನನ್ನದು ಅದಕ್ಕಿಂತ ದೊಡ್ಡದಾಗಿತ್ತು. ಹೆಣವಿರುವ ಮನೆಗೆ ಫೋನು ಮಾಡಿ ಜಗಳ ತೆಗೆಯುವ ಹೆಂಗಸು ಎಂಥವಳೆಂದು ನೀವು ಅಂದುಕೊಂಡರೆ ತಪ್ಪಿಲ್ಲ. ಬಸವರಾಜ ಅತ್ತುಬಿಟ್ಟ. “ನೀವ ಹೇಳ್ರಿ ಕಾಕು. ನನ್ನ ಕಡೆ ಆಗಂಗಿಲ್ಲ. ಆಕಿ ಏನಂತಾಳೋ ಹಂಗ ಮಾಡ್ರಿ.”

ಶ್ರಾವಣಿ ಯೂನಿಫಾರ್ಮ್ ಹಾಕಿಕೊಂಡು, ಬರೆಯುವ ಪ್ಯಾಡನ್ನು ಕಂಕುಳಲ್ಲಿಟ್ಟು ಕೆಳಗಿಳಿದು ಬಂದಳು. ಬಂದವಳೇ ಬಲಗೈ ಚಾಚಿದಳು. ನಾನು ಮೊಸರು ಹಾಕಲಿಲ್ಲ. ಆ ಕೈ ಹಿಡಿದು ಕೂಡಿಸಿದೆ, ಹೇಳಿದೆ. “ಪೇಪರಿಗೆ ಹೋಗ್ತೀನಂದ್ರ ಸೆಂಟರಿಗೆ ಬಿಡ್ತೀನಿ. ಅಜ್ಜಿ ಕಡೆ ಅಂದ್ರ ಅಲ್ಲಿಗೆ ಹೋಗೂಣು. ನಿಮ್ಮಪ್ಪ ನಿನಗ ಬಿಟ್ಟಾನ.”

ಅವಳು ಅಂಗೈಯನ್ನೇ ನೋಡುತ್ತ ಕೂತಳು.

“ಇನ್ನೂ ಒಯ್ದಿಲ್ಲಲ್ರಿ?”

“ಇಲ್ಲವ್ವ.”

ಪ್ಯಾಡನ್ನು ನನ್ನ ಮೇಜಿನ ಮೇಲೆ, ಮೊಸರಿನ ಬಟ್ಟಲಿನ ಪಕ್ಕ ಇಟ್ಟಳು. “ನಡೀರಿ ಕಾಕು.”

ಸ್ಕೂಟರಿನ ಹಿಂದೆ ಕೂತಳು. ಹಡಪಸರದ ದಾರಿಯಲ್ಲೇ ಅವಳ ಸೆಂಟರು. ಗೇಟಿನ ಮುಂದೆ ಪಾಲಕರ ಜಾತ್ರೆ, ಮಕ್ಕಳು ಕೊನೆಯ ಬಾರಿ ಪುಸ್ತಕ ತಿರುವುತ್ತಿದ್ದರು. ಅಲ್ಲಿಗೆ ಬಂದಾಗ ಶ್ರಾವಣಿ ನನ್ನ ಬೆನ್ನಿಗೆ ಮುಖ ಒತ್ತಿ ಜೋರಾಗಿ ಅಳತೊಡಗಿದಳು. ಜನ ತಿರುಗಿ ನೋಡಿದರು. ಪರೀಕ್ಷೆಗೆ ಹೆದರಿದ್ದಾಳೆ ಎಂದುಕೊಂಡರೋ ಏನೋ, ಒಬ್ಬ ಹೆಂಗಸು “ಘಾಬರೂ ನಕೋ ಬಾಳಾ” ಎಂದು ಕೂಗಿ ಧೈರ್ಯ ಹೇಳಿದಳು. ನನ್ನ ಕಣ್ಣೂ ಮಂಜಾಗಿತ್ತು. ಗಾಡಿಯನ್ನು ನಿಧಾನ ಮಾಡಿದೆ, ಆದರೆ ನಿಲ್ಲಿಸಲಿಲ್ಲ.