ಜಪಾನಿನ ಕಂಬಳಿ ಕೊಪ್ಪೆ

ಬುಕ್ಕಾಪಟ್ಟಣದ ಟೀ ಅಂಗಡಿ. ಶಿರಾ ಬಸ್ಸು ಇನ್ನೂ ಬಂದಿಲ್ಲ. ನನ್ನ ಪುಸ್ತಕದೊಳಗಿದ್ದ ಜಪಾನಿನ ಚಿತ್ರವೊಂದು ಜಾರಿ ಬಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಎತ್ತಿಕೊಂಡರು. ಚಿತ್ರದಲ್ಲಿ, ಸುರಿಯುವ ಮಳೆಯೊಳಗೆ ತಲೆಯಿಂದ ಹುಲ್ಲಿನ ಹೊದಿಕೆ ಇಳಿಬಿಟ್ಟುಕೊಂಡು ಬೆನ್ನು ಬಗ್ಗಿಸಿ ನಡೆಯುತ್ತಿರುವ ಒಬ್ಬ. ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ ಕೆತ್ತಿ ಅಚ್ಚೊತ್ತುತ್ತಾರೆ, ಕೂದಲೆಳೆಯಂಥ ಈ ಮಳೆಯ ಗೆರೆಗಳನ್ನೂ ಮರದಲ್ಲೇ ಕೆತ್ತಿದ್ದಾರೆ ಎಂದು ಶುರುಮಾಡಿದೆ. ಅಜ್ಜಿಗೆ ಅದೆಲ್ಲ ಬೇಕಿರಲಿಲ್ಲ.

"ಕಂಬಳಿ ಕೊಪ್ಪೆ ಹಾಕ್ಕೊಂಡವ್ನೆ. ಕುರಿ ಎಲ್ಲಪ್ಪ?"

ಅದು ಕಂಬಳಿಯಲ್ಲ, ಹುಲ್ಲು ಎಂದು ತಿದ್ದಲು ಮನಸ್ಸಾಗಲಿಲ್ಲ. "ಮುಂದೆ ಹೋಗಿವೆ ಅಜ್ಜಿ," ಎಂದೆ.

ಅವರು ಮಳೆಯ ಗೆರೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ನಮ್ಮ ಯಜಮಾನ್ರು ಹೋದ ದಿನಾನೂ ಇಂಗೇ ಮಳೆ ಕಣಪ್ಪ. ಕುರಿ ಮಾತ್ರ ಒಂದೂ ತಪ್ಪದಂಗೆ ಮನೆಗೆ ಬಂದ್ಬುಟ್ವು."