ಖಲಾಸ್ ಎಂದರೆ ಕೈಬಿಡು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ. ಅದೇ ಮಳೆಗಾಲ ಮುಗಿಯುವ ಮೊದಲೇ ಮಲ್ಪೆ ಬಂದರಿನ ಒಂದು ಐಸ್ ಪ್ಲಾಂಟಿನಲ್ಲಿ ನನಗೊಂದು ಜೊತೆ ರಬ್ಬರಿನ ಬೂಟು ಕೊಟ್ಟರು. ಎರಡು ಅಳತೆ ದೊಡ್ಡದು, ಮುಂದಿನ ತುದಿಗೆ ಹಳೆಯ ಬಟ್ಟೆ ತುರುಕಿ ಹಾಕಿಕೊಳ್ಳಬೇಕು. ಅಂಥದ್ದೇ ಬೂಟು ಈಗಲೂ ನನ್ನ ಬಾಗಿಲ ಹೊರಗೆ ಬೋರಲು ಬಿದ್ದು ಒಣಗುತ್ತಿರುತ್ತದೆ. ಅಳತೆ ಮಾತ್ರ ಸರಿಯಾಗಿದೆ, ಊರು ಬದಲಾಗಿ ಒಮಾನಿನ ಸೂರ್ ಆಗಿದೆ. ಅಲ್ಲಿಯೂ ಇಲ್ಲಿಯೂ ನಾನು ಮಾಡಿಕೊಂಡು ಬಂದ ಕೆಲಸ ಒಂದೇ, ನೀರನ್ನು ಗಟ್ಟಿ ಮಾಡುವುದು. ಸುಡುವ ಬಿಸಿಲಿನಲ್ಲಿ ದಡಕ್ಕೆ ಬರುವ ಮೀನು ಹಾಳಾಗದೆ ಊರು ದಾಟುತ್ತದಲ್ಲ, ಅದರಲ್ಲಿ ನನ್ನದೂ ಒಂದು ಕೈ ಇದೆಯೆಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇಷ್ಟು ವರ್ಷ ಐಸಿನ ಜೊತೆ ಬಾಳಿದವನು ಆಕಾಶದಿಂದ ತಾನಾಗಿ ಬೀಳುವ ಐಸನ್ನು ಕಂಡಿದ್ದು ಕಳೆದ ಜನವರಿಯಲ್ಲಿ. ಜಾರ್ಜಿಯಾ ದೇಶದ ಬೆಟ್ಟದ ಮೇಲಿನ ಒಂದು ಮರದ ಹೋಟೆಲಿಗೆ ನಾವು ಮೂವರು, ನಾನು, ಹೆಂಡತಿ ಸುಜಾತ, ಮಗಳು ಶ್ರಾವ್ಯ, ನಾಲ್ಕು ದಿನಕ್ಕೆಂದು ಹೋಗಿದ್ದೆವು. ಗಲ್ಫಿನಲ್ಲಿ ಇರುವವರಿಗೆ ಅದೀಗ ದೊಡ್ಡ ಸಂಗತಿಯಲ್ಲ. ರಜೆ ಕೇಳಲು ಹೋದಾಗ ನಮ್ಮ ಕಫೀಲ್, ಪ್ಲಾಂಟಿನ ಯಜಮಾನ, ಗಡ್ಡ ನೀವಿಕೊಂಡು ಹಿಂದಿಯಲ್ಲಿ ಕೇಳಿದರು, "ಐಸ್ ನೋಡಲು ವಿಮಾನ ಹತ್ತುತ್ತೀಯಾ? ಕೋಲ್ಡ್ ರೂಮಿನ ಬೀಗದ ಕೈ ನಿನ್ನ ಹತ್ತಿರವೇ ಉಂಟಲ್ಲ, ಹೆಂಡತಿಯನ್ನು ಅಲ್ಲಿಗೇ ಕರೆದುಕೊಂಡು ಹೋಗು." ನಾನೂ ನಕ್ಕೆ. ಹೋಗುತ್ತಿರುವ ಕಾರಣವನ್ನು ಅವರಿಗೆ ಹೇಳಲಿಲ್ಲ.

ಕಾರಣ ಶ್ರಾವ್ಯ. ಇಲ್ಲಿನ ಇಂಡಿಯನ್ ಶಾಲೆಯಲ್ಲಿ ಹನ್ನೆರಡನೆಯದು ಮುಗಿಸಿ, ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆ ಬರೆದು, ಸೀಟು ಸಿಗುವಷ್ಟು ಅಂಕ ಬಾರದೆ, ಅವಳು ಏಳು ತಿಂಗಳಿನಿಂದ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಇನ್ನೊಂದು ಸಲ ಬರೆ ಎಂದರೆ ಬೇಡ ಎನ್ನುತ್ತಿದ್ದಳು. ಅರ್ಜಿ ಹಾಕುವ ಕೊನೆಯ ದಿನ ಹತ್ತಿರವಾಗುತ್ತಿತ್ತು. ನಾನು ಗದರಿದಾಗ ಅವಳು ನನ್ನದೇ ಮಾತನ್ನು ನನಗೆ ತಿರುಗಿಸಿಕೊಟ್ಟಳು. "ನೀವೇ ಹೇಳ್ತೀರಲ್ಲ ಪಪ್ಪ, ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಬಂದೆ, ಎಂಥ ಕಮ್ಮಿಯಾಯ್ತು ಅಂತ. ಮತ್ತೆ ನನಗ್ಯಾಕೆ? ಐ ಆ್ಯಮ್ ಡನ್."

ಹೌದು, ಹೇಳುತ್ತಿದ್ದೆ. ಮದುವೆ ಮನೆಯಲ್ಲಿ, ಗೆಳೆಯರ ಕೂಟದಲ್ಲಿ, ಎದುರಿಗೆ ಡಿಗ್ರಿಯವರು ಕುಳಿತಿದ್ದರೆ ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೆ. ಮನುಷ್ಯ ತನ್ನ ಬಗ್ಗೆ ಒಂದು ಕಥೆಯನ್ನು ಹೇಳಿ ಹೇಳಿ ನುಣುಪು ಮಾಡಿಟ್ಟುಕೊಂಡಿರುತ್ತಾನೆ. ಅದೇ ನುಣುಪಿನ ಮೇಲೆ ಮನೆಯ ಮಕ್ಕಳು ಜಾರಿ ಬೀಳಬಹುದೆಂದು ಅವನಿಗೆ ಹೊಳೆಯುವುದಿಲ್ಲ.

ಈಗ ನಮ್ಮ ಕೆಲಸದ ಒಂದು ಮಾತನ್ನು ನಿಮಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ತಗಡಿನ ಉದ್ದನೆಯ ಡಬ್ಬಗಳಲ್ಲಿ ಸಿಹಿನೀರು ತುಂಬಿಸಿ, ಕೊರೆಯುವ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ನೀರು ಕಟ್ಟಿದ ಮೇಲೆ ಎತ್ತಿ, ಸಾದಾ ನೀರಿನಲ್ಲಿ ಒಮ್ಮೆ ಅದ್ದುತ್ತೇವೆ. ಆಗ ಐಸು ಡಬ್ಬದ ಗೋಡೆ ಬಿಡುತ್ತದೆ. ಡಬ್ಬ ಮಗುಚದಂತೆ ಒಬ್ಬ ಹಗ್ಗ ಹಿಡಿದಿರುತ್ತಾನೆ, ಇನ್ನೊಬ್ಬ ಬಗ್ಗಿ ನೋಡುತ್ತಾನೆ. ಗೋಡೆ ಬಿಟ್ಟಿತೆಂದು ಕಂಡಾಗ ನೋಡುವವನು ಕೂಗುವುದು 'ಖಲಾಸ್'. ಕೂಗಿದೊಡನೆ ಹಗ್ಗ ಹಿಡಿದವನು ಕೈಬಿಡಬೇಕು. ಡಬ್ಬ ಮಗುಚಿ ಐಸಿನ ದಿಮ್ಮಿ ಹಲಗೆಯ ಮೇಲೆ ಸರ್ರನೆ ಕೆಳಗಿಳಿಯುತ್ತದೆ. ಅರಬ್ಬಿಯಲ್ಲಿ ಆ ಮಾತಿಗೆ ಮುಗಿಯಿತು, ಸಾಕು ಎಂದರ್ಥ; ಊರಿನವರಿಗೆಲ್ಲ ಹಾಗೆಯೇ. ನಮ್ಮ ಪ್ಲಾಂಟಿನಲ್ಲಿ ಮಾತ್ರ ಖಲಾಸ್ ಎಂದರೆ ಕೈಬಿಡು. ನನ್ನ ಅಪ್ಪ ಬೋಟಿನಲ್ಲಿ ದುಡಿಯುವ ಕಲಾಸಿಯಾಗಿದ್ದವರು. ಕಲಾಸಿಯ ಮಗ ಖಲಾಸ್ ಎನ್ನುತ್ತಲೇ ಆಯುಷ್ಯದ ಅರ್ಧ ಕಳೆದ.

ಬೆಟ್ಟದ ಹೋಟೆಲು ನೋಡಲು ಬೆಂಕಿಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಚೂಪು ಮಾಡು ಹೊದಿಸಿದಂತಿತ್ತು. ಮೊದಲ ಬೆಳಿಗ್ಗೆ ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಎಲ್ಲೆಲ್ಲೂ ಹಿಮ. ನನ್ನ ಐಸಿಗೆ ಅಚ್ಚುಂಟು, ಅಂಚುಂಟು, ಅಳತೆಯುಂಟು. ಇದಕ್ಕೆ ಯಾವುದೂ ಇಲ್ಲ. ಬೇಲಿಯ ಮೇಲೆ, ಕಾರಿನ ಮೇಲೆ, ಒಣಹಾಕಿ ಮರೆತ ಒಂದು ಟವೆಲಿನ ಮೇಲೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಸದ್ದಿಲ್ಲದೆ ಕುಳಿತಿತ್ತು. ನಮ್ಮಲ್ಲಿ ಮೋಟಾರಿನ ಗರ್ಜನೆಯಿಲ್ಲದೆ, ಅಮೋನಿಯಾದ ಕಟುವಾಸನೆಯಿಲ್ಲದೆ ಒಂದು ಹಿಡಿ ಐಸೂ ಆಗುವುದಿಲ್ಲ. ಒಂದು ಮುಷ್ಟಿ ಎತ್ತಿ ಹಿಂಡಿ ನೋಡಿದೆ.

"ಇದು ಮೀನಿಗೆ ಆಗ್ಲಿಕ್ಕಿಲ್ಲ. ಅರ್ಧ ಗಂಟೆ ಬಾಳದು," ಎಂದೆ.

"ಇಲ್ಲಿಯೂ ನಿಮಗೆ ಮೀನೇ ಕಾಣುದಾ ಮಾರಾಯ್ರೆ," ಎಂದಳು ಸುಜಾತ. ಅವಳು ಸೂಟ್‌ಕೇಸಿನಲ್ಲಿ ರೈಸ್ ಕುಕರನ್ನೂ ಕುಚ್ಚಲಕ್ಕಿಯನ್ನೂ ತುಂಬಿಸಿಕೊಂಡು ಬಂದವಳು; ಕಿಟಕಿಯ ಬಳಿ ಕುಳಿತು ಗಂಜಿ ಉಣ್ಣುತ್ತ ಹಿಮ ನೋಡುವುದೇ ತನಗೆ ರಜೆ ಎಂದು ಮೊದಲೇ ಸಾರಿಬಿಟ್ಟಿದ್ದಳು.

ಹಿಮದ ಇಳಿಜಾರಿನಲ್ಲಿ ಜಾರುವ ಆಟಕ್ಕೆ ಬಂದವರಲ್ಲಿ ಅಲ್ಲಿ ಎರಡು ಜಾತಿ. ಎರಡೂ ಕಾಲನ್ನು ಒಂದೇ ಅಗಲ ಹಲಗೆಗೆ ಕಟ್ಟಿಕೊಂಡು ಅಡ್ಡಡ್ಡ ಇಳಿಯುವವರು, ಕಾಲಿಗೊಂದರಂತೆ ಉದ್ದನೆಯ ಹಲಗೆ ಕಟ್ಟಿ ನೇರ ಇಳಿಯುವವರು. ಶ್ರಾವ್ಯ ಒಂದು ಹಲಗೆಯ ಪಕ್ಷ ಸೇರಿದಳು. ನಾನು ಎರಡರದ್ದು. ನನಗೆ ಕಲಿಸಲು ಬಂದವರು ನನ್ನಷ್ಟೇ ಪ್ರಾಯದ, ಬಿಳಿ ಮೀಸೆಯ ಗಿಯೊರ್ಗಿ. ಗಲ್ಫಿನ ಅತಿಥಿಗಳಿಂದ ನಾಲ್ಕಾರು ಅರಬ್ಬಿ ಮಾತು ಕಲಿತಿದ್ದರು. ಯಲ್ಲಾ ಎಂದರೆ ಹೊರಡು, ಖಲಾಸ್ ಎಂದರೆ ನಿಲ್ಲು. ಇಳಿಜಾರಿನ ತುದಿಯಲ್ಲಿ, ಗೂಟಗಳಿಗೆ ಕಟ್ಟಿದ್ದ ಹಗ್ಗವನ್ನು ಹಿಡಿದು ನಾನು ನಿಂತಿದ್ದೆ. ನನ್ನ ಹಲಗೆಗಳು ಒಂದರ ಮೇಲೊಂದು ಏರುತ್ತಿರುವುದನ್ನು ಕಂಡು, ಅಲ್ಲಾಡದೆ ನಿಲ್ಲಲೆಂದು ಅವರು ಕೈ ಎತ್ತಿ ಕೂಗಿದರು, "ಖಲಾಸ್!"

ಕಿವಿ ಕೇಳಿತು, ತಲೆಯನ್ನು ಕೇಳದೆ ಕೈ ಬಿಟ್ಟಿತು. ಇಷ್ಟು ವರ್ಷ ಎಷ್ಟೋ ದಿಮ್ಮಿಗಳನ್ನು ಕಳುಹಿಸಿದ ದಾರಿಯಲ್ಲಿ ನಾನೇ ಹೊರಟಿದ್ದೆ, ಅದೂ ಹಿಮ್ಮುಖವಾಗಿ. ಕೆಳಗೆ ಆರೇಳು ವರ್ಷದ ಮಕ್ಕಳ ತರಗತಿ ನಡೆಯುತ್ತಿತ್ತು. ಅವರ ಕಿತ್ತಳೆ ಬಣ್ಣದ ಗುರುತುಗಳನ್ನೆಲ್ಲ ಉರುಳಿಸಿ, ಸಾಲಿನ ಕೊನೆಯಲ್ಲಿ, ತಡವಾಗಿ ಬಂದ ವಿದ್ಯಾರ್ಥಿಯಂತೆ ಕುಳಿತೆ. ಒಂದು ಪುಟ್ಟ ಹುಡುಗಿ ನನ್ನ ಟೋಪಿ ತಂದುಕೊಟ್ಟಳು. ಮೇಲೆ ಯಾರೋ ನಗುವುದು ಕೇಳಿ ನೋಡಿದರೆ ಶ್ರಾವ್ಯ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಏಳು ತಿಂಗಳ ಮೇಲೆ ಮೊದಲ ಸಲ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹಲಗೆ ಬಿಚ್ಚಿ ಹೆಗಲಿಗೇರಿಸಿ ಹೋಟೆಲಿಗೆ ನಡೆದೆ.

ಊಟಕ್ಕೆ ಕುಳಿತಾಗ ಹೇಳಿದೆ, "ನಾಳೆಯಿಂದ ನಾನಿಲ್ಲ. ನೀನೊಬ್ಬಳೇ ಹೋಗು ಮಗಾ."

"ಒಂದು ಸಲ ಬಿದ್ದದ್ದಕ್ಕಾ?"

"ಆ ಮಕ್ಕಳ ಜೊತೆ ಸಾಲಿನಲ್ಲಿ ನಿಲ್ಲುವ ಪ್ರಾಯವಾ ನನ್ನದು?"

"ಸರಿ ಪಪ್ಪ. ನೀವೂ ಬಿಟ್ರಿ, ನಾನೂ ಬಿಟ್ಟೆ. ಏಳನೇ ಕ್ಲಾಸನ್ನೇ ಬಿಟ್ಟವರಿಗೆ ಇದೆಂಥ ದೊಡ್ಡದು." ಅವಳು ತಮಾಷೆಗೇ ಹೇಳಿದ್ದು.

"ಏಳನೇ ಕ್ಲಾಸು ನಾನು ಬಿಟ್ಟದ್ದಲ್ಲ," ಎಂದೆ. ನನ್ನ ಸ್ವರ ನನಗೇ ಗುರುತು ಹತ್ತಲಿಲ್ಲ. "ಫೇಲಾದದ್ದು."

ಸುಜಾತ ಗಂಜಿಯ ಚಮಚವನ್ನು ಕೆಳಗಿಟ್ಟಳು. ಅವಳಿಗೂ ಅದು ಗೊತ್ತಿರಲಿಲ್ಲ.

ಹೇಳಿದೆ. ಲೆಕ್ಕದಲ್ಲಿ, ಇಂಗ್ಲಿಷಿನಲ್ಲಿ ಫೇಲಾದದ್ದು. ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕಿತ್ತು. ಆ ವರ್ಷ ನನ್ನ ತಂಗಿ ಲೀಲಾ ಆರನೆಯದು ಪಾಸಾಗಿ ಏಳಕ್ಕೆ ಬಂದಿದ್ದಳು. ತಂಗಿಯ ಜೊತೆ ಒಂದೇ ಕೋಣೆಯಲ್ಲಿ, ಅವಳು ಉತ್ತರ ಹೇಳುವಾಗ ಬಾಯಿ ಮುಚ್ಚಿ ಕೂರುವುದನ್ನು ನೆನೆದೇ ಮೈ ಬಿಸಿಯಾಗುತ್ತಿತ್ತು. ಮಾಸ್ಟ್ರು ಎರಡು ಸಲ ನನ್ನನ್ನು ಕರೆಯಲು ಬಂದರು. ಮೊದಲ ಸಲ ಮನೆಗೆ ಬಂದಾಗ ಹಿತ್ತಿಲಿನಿಂದ ಓಡಿದೆ. ಎರಡನೆಯ ಸಲ ಅವರು ಬಂದರಿಗೇ ಹುಡುಕಿಕೊಂಡು ಬಂದಾಗ, ಐಸ್ ಮುಚ್ಚಿಡುವ ಉಮಿಯ ರಾಶಿಯ ಹಿಂದೆ, ಹಲ್ಲು ಕಟಕಟಿಸುತ್ತ, ಅವರ ಚಪ್ಪಲಿಯ ಸದ್ದು ದೂರವಾಗುವವರೆಗೆ ಕುಳಿತಿದ್ದೆ. ಮೂರನೆಯ ಸಲ ಅವರು ಬರಲಿಲ್ಲ. ಬರಬಹುದೆಂದು ನಾನು ಬಹಳ ದಿನ ದಾರಿ ನೋಡಿದೆ. ಇದನ್ನು ಮಾತ್ರ ಅಂದು ಮೇಜಿನ ಮುಂದೆ ಹೇಳಲಿಲ್ಲ, ಇಲ್ಲಿ ನಿಮಗೆ ಹೇಳುತ್ತಿದ್ದೇನೆ.

ಶ್ರಾವ್ಯ ತಟ್ಟೆಯಲ್ಲಿದ್ದ ಉಪ್ಪಿನಕಾಯಿಯನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸರಿಸಿದಳು.

ಮರುದಿನ ಬೆಳಿಗ್ಗೆ ನಾನು ಹಲಗೆ ಹೊತ್ತು ಹೋಗಿ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತೆ. ಧೈರ್ಯವಿತ್ತೆಂದು ತಿಳಿಯಬೇಡಿ, ಮಗಳ ಎದುರು ಬೇರೆ ದಾರಿ ಉಳಿದಿರಲಿಲ್ಲ. ಗಿಯೊರ್ಗಿಗೆ ನಮ್ಮ ಪ್ಲಾಂಟಿನ ಖಲಾಸ್ ಏನೆಂಬುದನ್ನು ಕೈಸನ್ನೆಯಲ್ಲಿ ತಿಳಿಸಿದೆ. ಅವರು ಮೀಸೆಯೊಳಗೇ ನಕ್ಕು, ಅಂದಿನಿಂದ ನನಗೆ ಬರೀ ಅಂಗೈ ತೋರಿಸಿ ನಿಲ್ಲಿಸತೊಡಗಿದರು. ಎದುರು ನಿಂತು ಒಬ್ಬರು ಕಲಿಸುವುದನ್ನು ನಾನು ಅಷ್ಟು ವರ್ಷದಿಂದ ತಪ್ಪಿಸಿಕೊಂಡು ಬಂದಿದ್ದೆ. ನನ್ನ ವಿದ್ಯೆಯೆಲ್ಲ ಪಕ್ಕದಲ್ಲಿ ನಿಂತು ಕದ್ದು ನೋಡಿ ಕಲಿತದ್ದು. ಪಕ್ಕದಲ್ಲಿ ನಿಂತವನ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಎದುರು ನಿಂತವನದು ಬೀಳುತ್ತದೆ, ಆದರೆ ತಿದ್ದುವುದೂ ಅವನನ್ನೇ. ಆ ದಿನ ಒಂಬತ್ತು ಸಲ ಬಿದ್ದೆ. ಶ್ರಾವ್ಯ ತನ್ನ ಹಲಗೆಯ ಮೇಲೆ ಕುಳಿತು, "ಮೊಣಕಾಲು ಮಡಚಿ ಪಪ್ಪ, ಕೆಳಗೆ ನೋಡ್ಬೇಡಿ," ಎನ್ನುತ್ತಿದ್ದಳು. ಮೂರನೆಯ ದಿನ, ನಮ್ಮ ಪ್ಲಾಂಟಿನ ಅಂಗಳದಷ್ಟು ಉದ್ದದ ಆ ಇಳಿಜಾರನ್ನು ಬೀಳದೆ ಇಳಿದು ನಿಂತೆ.

ಬೆಟ್ಟ ಇಳಿಯುವ ಬಸ್ಸಿನಲ್ಲಿ ಶ್ರಾವ್ಯ ಕೇಳಿದಳು, "ಲೀಲತ್ತೆಗೆ ಗೊತ್ತುಂಟಾ ಪಪ್ಪ?"

"ಅವಳು ಅದೇ ಕ್ಲಾಸಿನಲ್ಲಿ ಇದ್ದಳಲ್ಲ. ಗೊತ್ತಿಲ್ಲದೆ ಎಂಥ?"

"ಮತ್ತೆ ಒಂದು ದಿನವೂ ಹೇಳ್ಲಿಲ್ಲ."

ಇಲ್ಲ. ಶಾಲೆಗೆ ಕೈಮುಗಿದೆನೆಂದು ನಾನು ಮದುವೆ ಮನೆಗಳಲ್ಲಿ ಜೋರು ಮಾಡುವಾಗೆಲ್ಲ ಲೀಲಾ ಅಲ್ಲಿಯೇ ಇರುತ್ತಿದ್ದಳು. ನನ್ನ ಎಲೆಗೆ ಪಾಯಸ ಬಡಿಸಿ ಮುಂದಿನ ಎಲೆಗೆ ಹೋಗುತ್ತಿದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿದ್ದು ನನಗೆ ನೆನಪಿಲ್ಲ. ಬಸ್ಸು ತಿರುವಿನ ಮೇಲೆ ತಿರುವು ಇಳಿಯುತ್ತಿತ್ತು, ಹಿಮ ತೆಳ್ಳಗಾಗಿ ಕಲ್ಲು ಕಾಣುತ್ತಿತ್ತು, ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಸೂರಿಗೆ ಬಂದ ವಾರದಲ್ಲಿ ಶ್ರಾವ್ಯ ಅರ್ಜಿ ಹಾಕಿದಳು. ಯಾರೂ ಹೇಳಲಿಲ್ಲ, ಅವಳೂ ಕಾರಣ ಹೇಳಲಿಲ್ಲ. "ಫೇಲಾದ್ರೆ ಫೇಲು," ಎಂದಳು ಅಷ್ಟೇ. ನಾನು ಲೀಲಾಳಿಗೆ ಫೋನು ಮಾಡಿದೆ. ಮಗಳಿಗೆ ಎಲ್ಲ ಹೇಳಿದೆನೆಂದೆ.

"ಈಗ ನಿಮಗೆ ಸದ್ರ ಆಯ್ತಾ ಅಣ್ಣ?" ಎಂದಳು. ಹೌದು, ಹಗುರವಾಯಿತು ಎಂದೆ.

ಪರೀಕ್ಷೆಗೆ ಇನ್ನು ಮೂರು ವಾರವಿದೆ. ಇದನ್ನು ಬರೆಯುತ್ತಿರುವಾಗ ಒಳಗಿನ ಕೋಣೆಯಲ್ಲಿ ಅವಳು ಓದುತ್ತಿದ್ದಾಳೆ, ಬಾಗಿಲು ತೆರೆದೇ ಇದೆ. ನನ್ನ ಹತ್ತಿರ ಈಗ ಇರುವುದು ಇಷ್ಟು: ಒಬ್ಬ ಹೆಂಡತಿ, ಒಬ್ಬ ಮಗಳು, ಒಬ್ಬ ತಂಗಿ. ದುಡಿಯುವ ಕೈ ಎರಡು, ಬಲದ್ದು ಸ್ವಲ್ಪ ನೋಯುವ ಮೊಣಕಾಲು ಎರಡು. ಪಾಸಾದ ತರಗತಿ ಆರು.