ಮಾಸ್ತರು ಹುಡುಕಿಸಿದ ಪಾಠ

ಹುಣಸಗಿಯ ನನ್ನ ಇಂಟರ್‌ನೆಟ್ ಅಂಗಡಿಗೆ ಒಬ್ಬ ಮಾಸ್ತರು ಚಪ್ಪಲಿ ಹೊರಗೆ ಬಿಟ್ಟೇ ಬರುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ. ಕೆನಾಲಿನ ಗದ್ದೆಗಳಲ್ಲಿ ಕಳೆ ತೆಗೆಯುವ ಹೆಂಗಸರಿಗೆ ಅಕ್ಷರ ಕಲಿಸುವ ಕೆಲಸ ಅವರದು. ದೊಡ್ಡವರಿಗೆಂದೇ ಮಾಡಿದ ಪಾಠ ನೆಟ್ಟಿನಲ್ಲಿ ಎಲ್ಲಾದರೂ ಇದ್ದೀತೆಂದು ನನ್ನಿಂದ ಹುಡುಕಿಸುತ್ತಿದ್ದರು. ತೆರೆದಲ್ಲೆಲ್ಲ ಗೊಂಬೆಗಳು ಕುಣಿಯುತ್ತಿದ್ದವು.

"ಇದು ಸಣ್ಣ ಹುಡುಗ್ರುದು. ಮುಂದಿಂದು ತೋರಸ್ರಿ," ಎನ್ನುತ್ತಿದ್ದರು. ಇಂಥ ಪಾಠಕ್ಕೆ ನಾಚಿ ಹೆಂಗಸರು ಒಬ್ಬೊಬ್ಬರೇ ಬರುವುದು ಬಿಟ್ಟಿದ್ದರಂತೆ.

ಒಂದು ಮಧ್ಯಾಹ್ನ ಯಾವುದೋ ದೂರದೇಶದ ಆದಿವಾಸಿ ಮುದುಕಿ ಪರದೆಯ ಮೇಲೆ ಬಂದಳು. ಹೊಳೆದಂಡೆಯ ಹಸಿಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತನ್ನ ಓರಗೆಯವರಿಗೆ ಓದಿಸುತ್ತಿದ್ದಳು. ನಮಗೆ ಒಂದು ಮಾತೂ ತಿಳಿಯಲಿಲ್ಲ. ಮಾಸ್ತರು ಮುಂದಿನದನ್ನು ಕೇಳಲಿಲ್ಲ.

ಆಮೇಲೆ ಬಹಳ ದಿನ ಬರಲೇ ಇಲ್ಲ. ಬಂದಾಗ ಅವರ ಮೊಬೈಲಿನಲ್ಲಿ ಒಂದು ವಿಡಿಯೊ ಇತ್ತು. ಗದ್ದೆಯಲ್ಲಿ ಸೀರೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ಬದುವಿನ ಕೆಸರಿನ ಮೇಲೆ ಬೆರಳಿನಿಂದ 'ನೀರು' ಎಂದು ಬರೆದಳು. ಕೆನಾಲಿನ ನೀರು ನುಗ್ಗಿ ಅದನ್ನು ಅಳಿಸಿತು. ಅವಳು ನಕ್ಕು, ತುಸು ಮೇಲೆ ಮತ್ತೆ ಬರೆದಳು.

"ಇದನ್ನ ನೆಟ್ಟಿಗೆ ಹಾಕ್ರಿ."

"ಯಾರು ನೋಡ್ತಾರ್ರಿ ಮಾಸ್ತರ?"

"ಆ ಮುದುಕವ್ವ ನೋಡ್ತಾಳಲ್ರಿ," ಎಂದವರೇ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು.